ಗದಗ ಸ್ಟೇಷನ್ನಿನಲ್ಲಿ ಇಳಿದವರಿಗೆ ಒಂದು ಬಾಡಿಗೆ ಸೈಕಲ್ ಸಿಗಲಿ

ಗದಗ ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಗೆ, ಅರಣ್ಯ ಇಲಾಖೆಗೆ, ಗದಗ-ಬೆಟಗೇರಿ ನಗರಸಭೆಗೆ, ಹಾಗೆಯೇ ಡಂಬಳ, ಡೋಣಿ, ಲಕ್ಕುಂಡಿಯ ನನ್ನ ಜನರಿಗೆ,

ನಮಸ್ಕಾರ.

ಕಳೆದ ಶ್ರಾವಣದ ಒಂದು ರವಿವಾರ ಬೆಳಗ್ಗೆ ತಂಗಿಯನ್ನು ಕರೆದುಕೊಂಡು ಹೋಗಲು ಗದಗ ಸ್ಟೇಷನ್ನಿಗೆ ಬಂದಿದ್ದೆ. ಹುಬ್ಬಳ್ಳಿ ಕಡೆಯಿಂದ ಬಂದ ರೈಲಿನಿಂದ ಇಬ್ಬರು ಹುಡುಗಿಯರು ಇಳಿದು ಹೊರಗೆ ಬಂದರು. ಬೆನ್ನಿಗೊಂದೊಂದು ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ಮೈಸೂರು ಕಡೆಯ ಮಾತು. ನನ್ನ ಹತ್ತಿರ ಬಂದು ಕೇಳಿದರು: "ಅಕ್ಕ, ಡಂಬಳಕ್ಕೆ ಹೋಗಬೇಕು. ಹಾಗೇ ಕಪ್ಪತಗುಡ್ಡದ ಬುಡದವರೆಗೂ ಹೋಗಿ ಬರಬೇಕು. ಇಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತಾ? ಸ್ಕೂಟಿ ಆದ್ರೂ ಪರವಾಗಿಲ್ಲ."

ಇಲ್ಲ ಅಂದೆ. ಡಂಬಳಕ್ಕೆ ಬಸ್ಸು ಇದೆ, ಆದರೆ ಅಲ್ಲಿ ಇಳಿದ ಮೇಲೆ ಗುಡ್ಡದ ಕಡೆಗೆ ನಿಮಗೆ ಬೇಕಾದ ಹೊತ್ತಿಗೆ ಗಾಡಿ ಸಿಗುವುದು ಕಷ್ಟ ಅಂತಲೂ ಹೇಳಿದೆ. ಆಟೋದವರನ್ನು ಕೇಳಿದರು. ಇಡೀ ದಿನಕ್ಕೆ ಅವರು ಹೇಳಿದ ಬಾಡಿಗೆ ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಟೋದವರದು ತಪ್ಪಿಲ್ಲ. ದಿನವಿಡೀ ಗಾಡಿ ನಿಲ್ಲಿಸಿಕೊಂಡು ಕಾಯಬೇಕು ಅಂದರೆ ಅವರ ಸಂಸಾರವೂ ನಡೀಬೇಕಲ್ವಾ. ಕೊನೆಗೆ "ಹಂಪಿಗೇ ಹೋಗ್ತೀವಿ ಬಿಡಿ ಅಕ್ಕ, ಅಲ್ಲಿ ಸೈಕಲ್ ಸಿಗುತ್ತೆ" ಅಂದು ಮತ್ತೆ ಟಿಕೆಟ್ ಕೌಂಟರ್ ಕಡೆ ನಡೆದರು.

ಆ ಮಾತು ಎದೆಗೆ ನಾಟಿತು. ಯಾಕಂದ್ರೆ ನಾನು ಬಾಡಿಗೆ ಸೈಕಲ್ ಅಂಗಡಿಯವರ ಮಗಳು.

ಬೆಟಗೇರಿಯಲ್ಲಿ ನಮ್ಮಪ್ಪನ ಅಂಗಡಿ ಇತ್ತು. ಒಟ್ಟು 14 ಸೈಕಲ್ಲು. ಹತ್ತು ದೊಡ್ಡವು, ನಾಲ್ಕು ಮಕ್ಕಳವು. ಹಿಂದಿನ ಮಡ್‌ಗಾರ್ಡಿನ ಮೇಲೆ ಹಳದಿ ಬಣ್ಣದಲ್ಲಿ ಒಂದೊಂದಕ್ಕೂ ನಂಬರು. ತಾಸಿಗೆ ಒಂದು ರೂಪಾಯಿ. ಗೋಡೆಯ ಮೇಲೆ ಒಂದು ಗಡಿಯಾರ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಉದ್ದನೆಯ ವಹಿ. ಹೆಸರು, ಓಣಿ, ಸೈಕಲ್ ನಂಬರು, ಹೋದ ಟೈಮು, ಬಂದ ಟೈಮು. ಡಿಪಾಜಿಟ್ ಅಂತ ಏನೂ ಇರಲಿಲ್ಲ. "ಯಾರ ಮಗಾಲೇ ನೀ?" ಅಂತ ಅಪ್ಪ ಕೇಳುತ್ತಿದ್ದರು. ಅದಕ್ಕೆ ಸರಿಯಾದ ಉತ್ತರ ಬಂದರೆ ಸಾಕು. ನೇಕಾರರ ಮನೆ ಹುಡುಗರು ಮಗ್ಗದ ಕೆಲಸ ಬಿಟ್ಟ ಮೇಲೆ ಸಂಜೆ ಬಂದು ಅರ್ಧ ತಾಸಿಗೆ ಒಯ್ಯುತ್ತಿದ್ದರು. ಸೀಟಿಗೆ ಎಟುಕದ ಚಿಕ್ಕವರು ಬಾರಿನ ಕೆಳಗಿನಿಂದ ಕಾಲು ತೂರಿಸಿ ಓಡಿಸುತ್ತಿದ್ದರು. ನಾನೂ ಹಾಗೇ ಕಲಿತೆ.

ಪಂಚರ್ ತೆಗೆಯುವುದನ್ನು ನಾನು ಗಂಟೆಗಟ್ಟಲೆ ನೋಡುತ್ತಾ ಕೂತಿದ್ದೇನೆ. ಟ್ಯೂಬನ್ನು ಹೊರಗೆಳೆದು ಹವಾ ತುಂಬಿ, ಕಬ್ಬಿಣದ ಬುಟ್ಟಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ ತಿರುಗಿಸುತ್ತಾ ಹೋಗುತ್ತಿದ್ದರು. ಎಲ್ಲೋ ಒಂದು ಕಡೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಆ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಒರೆಸಿ, ಕಾನಸಿನಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ಮೇಲೆ ರಬ್ಬರಿನ ತುಂಡು ಕೂರಿಸುವುದು. ಆಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕುವುದು. ನಮ್ಮ ಕಡೆ ಹೆಚ್ಚಾಗಿ ಜಾಲಿ ಮುಳ್ಳೇ. "ಮುಳ್ಳ ತಗೀದ ಟ್ಯೂಬ್ ಹಾಕಿದರ ಮತ್ತ ಅದ ಪಂಚರ್ ಆಕ್ಕೇತಿ" ಅನ್ನುತ್ತಿದ್ದರು ಅಪ್ಪ. ಗಿರಾಕಿಗೆ ಸೈಕಲ್ ಕೊಡುವಾಗ ಅವರು ತಪ್ಪದೆ ಹೇಳುತ್ತಿದ್ದ ಮಾತು ಒಂದೇ: "ಬ್ರೇಕ್ ಹಿಡದ ನೋಡು, ಆಮ್ಯಾಲೆ ಏರು."

ಮೊಪೆಡ್ಡು, ಸ್ಕೂಟಿ ಬಂದವು. ಮನೆಮನೆಗೂ ಗಾಡಿ ಆಯಿತು. 2006ರ ಹೊತ್ತಿಗೆ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಅಪ್ಪನ ಅಂಗಡಿಯಲ್ಲಿ ಮೂರು ಸೈಕಲ್ ಉಳಿದಿದ್ದವು. ಆ ಯೋಜನೆ ಬಂದದ್ದು ಒಳ್ಳೆಯದೇ ಆಯಿತು. ನಾನು ಕಲಿಸುವ ಹಳ್ಳಿಗೆ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ ಮೇಲೆಯೇ ಬಂದು ಹೈಸ್ಕೂಲ್ ಮುಗಿಸಿದರು. ಅಪ್ಪ ಅಂಗಡಿ ಮುಚ್ಚಿದರು. ಈಗ ಅವರಿಲ್ಲ. ವಹಿ ನನ್ನ ಹತ್ತಿರ ಇದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ನಾನು ಕೇಳುತ್ತಿರುವುದು ನಮ್ಮೂರಿಗೆ ಹೊಸದೇನಲ್ಲ. ಆಗ ಊರವರಿಗೆ ಬೇಕಾಗಿದ್ದ ಬಾಡಿಗೆ ಸೈಕಲ್ ಈಗ ಊರು ನೋಡಲು ಬಂದವರಿಗೆ ಬೇಕಾಗಿದೆ. ಅಷ್ಟೇ ಬದಲಾವಣೆ.

ಹಂಪಿಗೆ ರೈಲಿನಲ್ಲಿ ಹೋಗುವವರು ಹುಬ್ಬಳ್ಳಿ ಕಡೆಯಿಂದ ಬಂದರೆ ಗದಗ ದಾಟಿಯೇ ಹೊಸಪೇಟೆ ಸೇರಬೇಕು. ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. ಅವರಲ್ಲಿ ನೂರಕ್ಕೆ ಹತ್ತು ಮಂದಿ ಒಂದು ದಿನ ಇಲ್ಲಿ ಇಳಿದರೆ ಏನೇನು ನೋಡಬಹುದು ಅಂತ ಯೋಚಿಸಿ. ಊರೊಳಗೇ ತ್ರಿಕೂಟೇಶ್ವರ ಇದೆ. ಅದರ ಆವರಣದಲ್ಲೇ ಸರಸ್ವತಿ ಗುಡಿ, ಅಲ್ಲಿನ ಕಂಬಗಳ ಕೆತ್ತನೆ ನೋಡಿದವರು ಬೇಗ ಹೊರಗೆ ಬರುವುದಿಲ್ಲ. ವೀರನಾರಾಯಣನ ಗುಡಿ ಇದೆ, ಕುಮಾರವ್ಯಾಸ ಕೂತು ಭಾರತ ಬರೆದ ಜಾಗ ಅಂತ ನಾವು ಈಗಲೂ ಅಲ್ಲಿನ ಕಂಬ ತೋರಿಸುತ್ತೇವೆ. ಬೆಟಗೇರಿಯ ವೀರಗಲ್ಲುಗಳಿವೆ. ಇವೆಲ್ಲ ಒಂದಕ್ಕೊಂದು ಹತ್ತಿರ. ನಡೆಯಲು ಸ್ವಲ್ಪ ದೂರ, ಆಟೋ ಮಾಡಲು ತೀರಾ ಹತ್ತಿರ. ಸೈಕಲ್ಲಿಗೆ ಹೇಳಿ ಮಾಡಿಸಿದ ಅಂತರ.

ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ಹೋದರೆ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ, ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆಯ ಬಾಗಿಲವಾಡ, ಮಾಣಿಕೇಶ್ವರದ ಎದುರಿನ ಮುಸುಕಿನ ಬಾವಿ. ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಅಂತ ಜನ ಹೇಳುತ್ತಾರೆ. ಎಣಿಸುವುದು ಬಿಡಿ, ಓಣಿ ಓಣಿ ತಿರುಗಿದರೆ ಮನೆಯ ಗೋಡೆಗೆ ಅಂಟಿಕೊಂಡ ಗುಡಿ, ಎಮ್ಮೆ ಕಟ್ಟಿದ ಕಡೆ ಒಂದು ಕೆತ್ತನೆಯ ಕಲ್ಲು ಕಣ್ಣಿಗೆ ಬೀಳುತ್ತದೆ. ಕಾರಿನಲ್ಲಿ ಬಂದವರು ಎರಡು ಗುಡಿ ನೋಡಿ ಹೊರಟುಬಿಡುತ್ತಾರೆ, ಆ ಓಣಿಗಳಲ್ಲಿ ಕಾರು ಹೋಗುವುದಿಲ್ಲ.

ಆದರೆ ನನ್ನ ಮನಸ್ಸಿರುವುದು ಡಂಬಳದ ಮೇಲೆ. ಗದಗದಿಂದ ಮುಂಡರಗಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಕಪ್ಪತಗುಡ್ಡದ ಬುಡದ ಊರು. ದೊಡ್ಡಬಸಪ್ಪನ ಗುಡಿಯ ಗೋಡೆ ನಕ್ಷತ್ರದ ಹಾಗೆ 24 ಮೂಲೆ ಮಾಡಿಕೊಂಡು ಸುತ್ತುತ್ತದೆ. ಬೆಳಗಿನ ಬಿಸಿಲಿನಲ್ಲಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, ಒಂದು ಮೂಲೆಗೆ ಬೆಳಕು, ಪಕ್ಕದ್ದಕ್ಕೆ ನೆರಳು, ಮತ್ತೆ ಬೆಳಕು. ಬೌದ್ಧರ ತಾರಾದೇವಿಯ ಹೆಸರಿರುವ 1095ರ ಶಾಸನ ಸಿಕ್ಕದ್ದು ಈ ಊರಿನಲ್ಲೇ. ಜಪದ ಬಾವಿಯ ಸುತ್ತ ಒಬ್ಬೊಬ್ಬರೇ ಕೂರುವಷ್ಟು ಪುಟ್ಟ ಗೂಡುಗಳಿವೆ. ದೊಡ್ಡ ಕೆರೆ ಇದೆ. ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಜಾತಿ ಕೇಳದೆ ಎಲ್ಲರೂ ಸಾಲಾಗಿ ಕೂತು ಖಡಕ್ ರೊಟ್ಟಿ ತಿನ್ನುವ ಊರು ಇದು.

ಡಂಬಳದಿಂದ ಡೋಣಿಯ ದಾರಿ ಹಿಡಿದರೆ ಗುಡ್ಡ ಹತ್ತಿರ ಹತ್ತಿರ ಬರುತ್ತದೆ. ಮೊದಲು ಕಪ್ಪು ಮಣ್ಣಿನ ಎರೆ ಹೊಲ, ಆಮೇಲೆ ಕೆಂಪು ಮಣ್ಣಿನ ಮಸಾರಿ. ಆಷಾಢ-ಶ್ರಾವಣದಲ್ಲಿ ಹೆಸರು, ಉಳ್ಳಾಗಡ್ಡಿ, ಶೇಂಗಾ. ತಲೆಯ ಮೇಲೆ ಗಾಳಿಯಂತ್ರದ ರೆಕ್ಕೆಗಳು ಸುಂಯ್ ಸುಂಯ್ ಅನ್ನುತ್ತವೆ. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣದಲ್ಲಿದ್ದ ಗುಡ್ಡ ಎರಡು ಮಳೆ ಬಿದ್ದರೆ ಸಾಕು, ಗುರುತು ಸಿಗದಷ್ಟು ಹಸಿರಾಗುತ್ತದೆ. ಎರಡು ಸಾಲು ಗುಡ್ಡದ ನಡುವಿನ ಕಣಿವೆಯಲ್ಲಿ ಮೋಡ ಇಳಿದಿರುತ್ತದೆ. ಎಪ್ಪತ್ತು ಗಿರಿ ಸುತ್ತೋದಕ್ಕಿಂತ ಒಂದು ಕಪ್ಪತಗಿರಿ ನೋಡು ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ.

ಈ ದಾರಿಯನ್ನು ನಾನು ಕಾರಿನಲ್ಲೂ, ಬಸ್ಸಿನಲ್ಲೂ, ಸೈಕಲ್ಲಿನಲ್ಲೂ ಹೋಗಿದ್ದೇನೆ. ಸೈಕಲ್ಲಿನಲ್ಲಿ ಹೋದಾಗ ಮಾತ್ರ ಗುಡ್ಡದ ವಾಸನೆ ಬಂತು. ಔಷಧಿ ಗಿಡಗಳ ಗುಡ್ಡ ಅಂತ ಪುಸ್ತಕದಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ, ಆದರೆ ಮಳೆ ನಿಂತ ಮೇಲೆ ಏಳುವ ಆ ಸೊಪ್ಪಿನ ಕಂಪನ್ನು ಪಾಠದಲ್ಲಿ ಹೇಳಲು ಬರುವುದಿಲ್ಲ.

ಬಾಡಿಗೆ ಸೈಕಲ್ಲಿನಿಂದ ಒಂದು ಗುಡ್ಡದ ಊರು ಹೇಗೆ ಬದುಕಬಹುದು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರು ವರ್ಷದ ಹಿಂದೆ ತಂಗಿಯ ಜೊತೆ ಹಿಮಾಚಲದ ಕಾಂಗ್ರಾ ಕಣಿವೆಗೆ ಹೋಗಿದ್ದೆ. ಅಲ್ಲಿ ಬೀರ್ ಅಂತ ಒಂದು ಪುಟ್ಟ ಊರು. ಹಿಂದೆ ಧೌಲಾಧರ ಪರ್ವತ, ಮುಂದೆ ಚಹಾ ತೋಟ, ನಡುವೆ ಟಿಬೆಟಿನವರ ಕಾಲೊನಿ. ಮೇಲಿನ ಬಿಲ್ಲಿಂಗ್‌ನಿಂದ ಜನ ಪ್ಯಾರಾಗ್ಲೈಡಿಂಗ್ ಮಾಡಿ ಕೆಳಗಿನ ಚೌಗಾನ್ ಮೈದಾನದಲ್ಲಿ ಇಳಿಯುತ್ತಾರೆ. 2015ರಲ್ಲಿ ವಿಶ್ವಕಪ್ ಪಂದ್ಯವೂ ಅಲ್ಲಿ ನಡೆದಿದೆ. ನಮಗೆ ಹಾರುವ ಆಸೆ ಇರಲಿಲ್ಲ. ಊರು ನೋಡಬೇಕಿತ್ತು.

ರಸ್ತೆ ಬದಿಯ ಒಂದು ಮನೆಯ ಮುಂದೆ ಆರೇಳು ಸೈಕಲ್ಲು, ನಾಲ್ಕು ಸ್ಕೂಟರ್ ನಿಂತಿದ್ದವು. ಒಬ್ಬ ಅಜ್ಜ ಕುರ್ಚಿ ಹಾಕಿಕೊಂಡು ಕೂತಿದ್ದ. ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡ, ವಹಿಯಲ್ಲಿ ಹೆಸರು ಬರೆದುಕೊಂಡ. ಸೀಟು ನನ್ನ ಸೊಂಟದ ಮಟ್ಟಕ್ಕೆ ಇಳಿಸಿಕೊಟ್ಟ. ಆಮೇಲೆ ಹಿಂದಿಯಲ್ಲಿ ಅಂದ, ಮೊದಲು ಬ್ರೇಕ್ ನೋಡಿಕೋ ಮಗಳೇ. ಅಲ್ಲೇ ನನ್ನ ಕಣ್ಣು ತುಂಬಿ ಬಂತು. ತಂಗಿಯೂ ನನ್ನ ಮುಖ ನೋಡಿದಳು.

ಬಿಲ್ಲಿಂಗ್ 14 ಕಿಲೋಮೀಟರ್ ಏರು. ನಾವು ಅರ್ಧ ದಾರಿ ಸೈಕಲ್ ತಳ್ಳಿಕೊಂಡೇ ಹೋದೆವು, ಪೂರ್ತಿ ಹೋಗಲಾಗಲಿಲ್ಲ. ಆದರೆ ಊರಿನ ಸುತ್ತ ಎರಡು ದಿನ ತಿರುಗಿದೆವು. ಒಂದು ಮಠದ ಹಿಂದಿನ ಹೋಟೆಲಿನಲ್ಲಿ ಉಂಡೆವು, ಒಬ್ಬ ಅಜ್ಜಿಯ ಹತ್ತಿರ ಉಣ್ಣೆಯ ಸಾಕ್ಸ್ ಕೊಂಡೆವು, ಚಹಾ ತೋಟದ ಹತ್ತಿರ ಟೀ ಪುಡಿ ಕೊಂಡೆವು. ಕಾರಿನಲ್ಲಿ ಹೋಗಿದ್ದರೆ ಈ ಯಾರ ಮನೆಯ ಮುಂದೂ ನಿಲ್ಲುತ್ತಿರಲಿಲ್ಲ. ಸೈಕಲ್ಲಿನವರ ದುಡ್ಡು ಹನಿ ಹನಿಯಾಗಿ ಊರಿನ ಹತ್ತು ಮನೆಗೆ ಇಳಿಯುತ್ತದೆ. ಈ ಮಾತನ್ನು ಪ್ರವಾಸೋದ್ಯಮ ಇಲಾಖೆಯವರು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಡಂಬಳದಲ್ಲಿ ಒಂದು ದೊಡ್ಡ ರೆಸಾರ್ಟ್ ಬಂದರೆ ನಾಲ್ಕು ಜನರಿಗೆ ವಾಚ್‌ಮನ್ ಕೆಲಸ ಸಿಗಬಹುದು. ಇಪ್ಪತ್ತು ಸೈಕಲ್ ಬಂದರೆ ಮಿರ್ಚಿ ಬಜಿ ಅಂಗಡಿ, ಖಾನಾವಳಿ, ಪಂಚರ್ ಅಂಗಡಿ, ಮನೆಯಲ್ಲಿ ರೊಟ್ಟಿ ತಟ್ಟಿ ಮಾರುವ ಅಕ್ಕಂದಿರು, ಎಲ್ಲರ ಮನೆಗೂ ಒಂದಿಷ್ಟು ಬರುತ್ತದೆ.

ಸೈಕಲ್ ಬಾಡಿಗೆ ಅಂದ ಕೂಡಲೇ ಈಗ ಎಲ್ಲರೂ ಯೋಚಿಸುವುದು ಆ್ಯಪ್, ಲಾಕ್, ಸ್ಟ್ಯಾಂಡು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು, ಹುಬ್ಬಳ್ಳಿ-ಧಾರವಾಡದಲ್ಲೂ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸೈಕಲ್ ನಿಲ್ದಾಣಗಳು ಬಂದವು. ಮಹಾನಗರಕ್ಕೆ ಆ ರೀತಿ ಬೇಕಾಗಬಹುದು. ಆದರೆ ಒಂದು ದೊಡ್ಡ ಊರಿನಲ್ಲಿ ನಾನು ಆ್ಯಪಿನ ಸೈಕಲ್ ಒಯ್ದು ಪಟ್ಟ ಪಾಡು ಹೇಳುತ್ತೇನೆ. ಸೈಕಲ್ ವಾಪಸ್ ತಂದು ನಿಲ್ಲಿಸಿದೆ, ಲಾಕ್ ಬೀಳಲಿಲ್ಲ. ಫೋನಿನಲ್ಲಿ ಬಾಡಿಗೆ ಓಡುತ್ತಲೇ ಇತ್ತು. ಹೆಲ್ಪ್‌ಲೈನ್‌ಗೆ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಯಂತ್ರದ ದನಿ. ಸುತ್ತ ಒಬ್ಬ ಮನುಷ್ಯನೂ ಇಲ್ಲ. ಮುಕ್ಕಾಲು ತಾಸು ಬಿಸಿಲಿನಲ್ಲಿ ನಿಂತು, ಕೊನೆಗೆ ಫೋಟೋ ತೆಗೆದು ಬಿಟ್ಟು ಬಂದೆ. ಕಟ್ಟಿದ ಡಿಪಾಜಿಟ್ ಪೂರ್ತಿ ಬರಲೇ ಇಲ್ಲ. ಗುಡ್ಡದ ಬುಡದಲ್ಲಿ, ನೆಟ್‌ವರ್ಕ್ ಬರೋದೇ ಕಷ್ಟ ಇರುವ ಕಡೆ, ಇದೇ ಆದರೆ ಬಂದವರ ಗತಿ ಏನು?

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಅಂಗಡಿಯಲ್ಲಿ ಮನುಷ್ಯ ಇರಬೇಕು. ಪಾನಾ ಹಿಡಿದು ರಿಪೇರಿ ಮಾಡಲು ಬರುವ ಮನುಷ್ಯ. ಅಂಗಡಿ ಊರಿನ ಸಹಕಾರ ಸಂಘದ್ದಾಗಿರಬೇಕು.

ಸಹಕಾರ ಸಂಘ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದ್ರೆ, ಅದು ನಮ್ಮ ಮಣ್ಣಿನ ವಿದ್ಯೆ. ದೇಶದಲ್ಲಿ ಸಹಕಾರದ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಬಡ್ಡಿ ಸಾಲದಲ್ಲಿ ಮುಳುಗಿದ್ದ ರೈತರು ತಮ್ಮತಮ್ಮ ಪುಡಿಗಾಸು ಒಟ್ಟು ಮಾಡಿ ತಮಗೆ ತಾವೇ ಸಾಲ ಕೊಟ್ಟುಕೊಂಡರು. ಇಡೀ ದೇಶ ಈ ಹಳ್ಳಿಯ ಹೆಸರು ಹೇಳುತ್ತದೆ. ಅಂಥ ಜಿಲ್ಲೆಗೆ ಇಪ್ಪತ್ತು ಸೈಕಲ್ಲಿನ ಒಂದು ಅಂಗಡಿ ನಡೆಸಲು ಹೊರಗಿನ ಕಂಪನಿ ಬೇಕಾ?

ಲೆಕ್ಕವನ್ನೂ ಹಾಕಿ ನೋಡಿದ್ದೇನೆ. ಗೇರ್ ಇರುವ ಸಾಧಾರಣ ಸೈಕಲ್ಲಿಗೆ ಈಗ ಹತ್ತರಿಂದ ಹದಿನೈದು ಸಾವಿರ ರೂಪಾಯಿ. ಜಾಸ್ತಿಯದನ್ನೇ ಹಿಡಿಯೋಣ, 15,000. ದಿನಕ್ಕೆ 150 ರೂಪಾಯಿ ಬಾಡಿಗೆ ಇಟ್ಟು, ಶನಿವಾರ-ರವಿವಾರ ಮಾತ್ರ ಹೋಯಿತು ಅಂದುಕೊಂಡು, ವರ್ಷಕ್ಕೆ 70 ದಿನ ಓಡಿದರೂ ಒಂದು ಸೈಕಲ್ಲಿಗೆ 10,500 ಬರುತ್ತದೆ. ಎರಡನೇ ವರ್ಷ ಮುಗಿಯುವುದರೊಳಗೆ ಸೈಕಲ್ಲಿನ ದುಡ್ಡು ಕೈಗೆ ಬಂತು. ರಿಪೇರಿ ಖರ್ಚು, ಕೂತವರ ಸಂಬಳ ಬೇರೆ ಇರುತ್ತದೆ. ಅದಕ್ಕೇ ಮೊದಲ ಎರಡು ವರ್ಷ ಜಿಲ್ಲಾಡಳಿತ ಕೈ ಹಿಡಿಯಬೇಕು ಅನ್ನುವುದು. ಸ್ಟೇಷನ್ ಹತ್ತಿರ ಹತ್ತು ಅಡಿ ಅಗಲದ ಜಾಗ, ಡಂಬಳದಲ್ಲಿ ಒಂದು, ಲಕ್ಕುಂಡಿಯಲ್ಲಿ ಒಂದು. ರೈಲ್ವೆಯವರ ಜೊತೆ ಮಾತಾಡಿ ಜಾಗ ಕೊಡಿಸುವುದು ನನ್ನಂಥವಳಿಂದ ಆಗುವ ಕೆಲಸ ಅಲ್ಲ, ನಿಮ್ಮಿಂದ ಆಗುತ್ತದೆ.

ಮೂರೂ ಅಂಗಡಿ ಒಂದಕ್ಕೊಂದು ಹೊಂದಿಕೊಂಡಿರಬೇಕು. ಒಂದು ಕಡೆ ಒಯ್ದ ಸೈಕಲ್ಲನ್ನು ಇನ್ನೊಂದು ಕಡೆ ಬಿಡಲು ಅವಕಾಶ ಇರಬೇಕು. ಇದಕ್ಕೆ ಕಾರಣ ನಮ್ಮ ಗಾಳಿ. ಗದಗಿನ ಗಾಳಿ ಗೊತ್ತಿಲ್ಲದವರು ಯಾರು? ಮಳೆಗಾಲದಲ್ಲಿ ಪಡುವಣದಿಂದ ಬೀಸುತ್ತದೆ. ಬೆಳಗ್ಗೆ ಲಕ್ಕುಂಡಿಗೆ ಹೊರಟರೆ ಗಾಳಿ ಬೆನ್ನಿಗಿರುತ್ತದೆ, ಪೆಡಲ್ ತುಳಿಯುವುದೇ ಬೇಡ ಅನ್ನುವ ಹಾಗೆ ಸೈಕಲ್ ಓಡುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಹೊಡೆಯುತ್ತದೆ. 12 ಕಿಲೋಮೀಟರ್ 24 ಅನಿಸುತ್ತದೆ. ಅಭ್ಯಾಸ ಇಲ್ಲದವರು ಅರ್ಧ ದಾರಿಗೆ ಸುಸ್ತಾಗುತ್ತಾರೆ. ಹೋಗುವಾಗ ಸೈಕಲ್ಲು, ಬರುವಾಗ ಬಸ್ಸು ಅಂತಾದರೆ ಅಜ್ಜ-ಅಜ್ಜಿಯರೂ ಲಕ್ಕುಂಡಿಗೆ ಹೋಗಿ ಬರುತ್ತಾರೆ. ಸಂಜೆ ಉಳಿದ ಸೈಕಲ್ಲುಗಳನ್ನು ಒಂದು ಗೂಡ್ಸ್ ಆಟೋದಲ್ಲಿ ವಾಪಸ್ ತಂದರಾಯಿತು.

ಲಕ್ಕುಂಡಿಯ ದಾರಿಯ ಬಗ್ಗೆ ನನಗೆ ದೊಡ್ಡ ಚಿಂತೆ ಇದೆ. ಅದು ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಲಾರಿಗಳು ಹಾರಿಕೊಂಡು ಬರುತ್ತವೆ. ಹೆದ್ದಾರಿ ಬದಿಯಲ್ಲಿ ಸೈಕಲ್ಲಿಗೆ ಅಂತ ಒಂದು ಪಟ್ಟಿ ಬಿಡದೆ, ಗೆರೆ ಎಳೆಯದೆ, ಯಾವ ಮಗುವನ್ನೂ ಆ ದಾರಿಗೆ ಕಳಿಸಬೇಡಿ. ಅದು ಆಗುವವರೆಗೆ ಲಕ್ಕುಂಡಿಯ ಸೈಕಲ್ ಲಕ್ಕುಂಡಿಯ ಓಣಿಗಳಲ್ಲೇ ಓಡಲಿ. ಬಸ್ಸಿನಲ್ಲಿ ಬಂದು ಅಲ್ಲಿ ಸೈಕಲ್ ತೆಗೆದುಕೊಳ್ಳಲಿ. ಡಂಬಳದ ದಾರಿಗೂ ಇದೇ ಮಾತು, ಕತ್ತಲಾದ ಮೇಲೆ ಯಾರಿಗೂ ಸೈಕಲ್ ಕೊಡಬಾರದು. ಪ್ರತಿ ಸೈಕಲ್ಲಿಗೆ ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್, ಬುಟ್ಟಿಯಲ್ಲಿ ಒಂದು ಪಂಪು, ಎರಡು ಪ್ಯಾಚು. ಹ್ಯಾಂಡಲ್ ಮೇಲೆ ಅಂಗಡಿಯ ಫೋನ್ ನಂಬರು ಬರೆದಿರಬೇಕು.

ಇನ್ನು ಎರೆ ಮಣ್ಣು. ಮಳೆ ಬಿದ್ದ ದಿನ ಎರೆ ಹೊಲದ ದಾರಿಗೆ ಸೈಕಲ್ ಇಳಿಸಿದರೆ ಹತ್ತು ಮಾರು ಹೋಗುವುದಿಲ್ಲ. ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಕಡ್ಡಿ ತೆಗೆದುಕೊಂಡು ಕೆರೆಯುತ್ತಾ ಕೂರಬೇಕು. ಅಂಗಡಿಯಲ್ಲಿ ನಮ್ಮೂರ ಮನುಷ್ಯ ಕೂತಿದ್ದರೆ "ಇವತ್ತ ಆ ದಾರಿ ಬ್ಯಾಡ್ರಿ, ಡಾಂಬರ್ ರಸ್ತೆಗುಂಟ ಹೋಗ್ರಿ" ಅನ್ನುತ್ತಾನೆ. ಆ್ಯಪಿಗೆ ಇದು ತಿಳಿಯುವುದಿಲ್ಲ.

ಸ್ಕೂಟಿ, ಬೈಕ್ ಬಾಡಿಗೆಗೆ ಕೊಡಬಾರದು ಅಂತ ನಾನು ಹೇಳುವುದಿಲ್ಲ. ವಯಸ್ಸಾದವರಿಗೆ, ಮೊಣಕಾಲು ನೋವಿದ್ದವರಿಗೆ ಅದೇ ಅನುಕೂಲ. ಆದರೆ ಕಾಯ್ದೆ ಪ್ರಕಾರ ಆಗಲಿ. ನಮ್ಮ ಜಿಲ್ಲೆ ಹುಟ್ಟಿದ 1997ರಲ್ಲೇ ಬೈಕ್ ಬಾಡಿಗೆಗೆ ಕೊಡುವವರಿಗೆ ಲೈಸೆನ್ಸ್ ಕೊಡುವ ಕೇಂದ್ರದ ಯೋಜನೆಯೂ ಬಂದಿದೆ. ಅಂಥ ಗಾಡಿಗೆ ಕಪ್ಪು ನಂಬರ್ ಪ್ಲೇಟು, ಮೇಲೆ ಹಳದಿ ಅಕ್ಷರ. ಮನೆಯ ಸ್ಕೂಟಿಯನ್ನು ಬಿಳಿ ಪ್ಲೇಟಿನಲ್ಲೇ ಬಾಡಿಗೆಗೆ ಕೊಟ್ಟು, ನಾಳೆ ಅಪಘಾತವಾದರೆ ವಿಮೆ ಸಿಗದೆ ಎರಡು ಮನೆ ಹಾಳಾಗಬಾರದು. ಪೆಡಲ್ ಸೈಕಲ್ಲಿಗೆ ಡ್ರೈವಿಂಗ್ ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ. ಅದಕ್ಕೇ ಸೈಕಲ್ಲಿನಿಂದ ಶುರು ಮಾಡೋಣ ಅನ್ನುವುದು.

ಅರಣ್ಯ ಇಲಾಖೆಯವರಿಗೆ ಈ ಪತ್ರ ಓದಿ ಗಾಬರಿ ಆಗಬಹುದು. ನಿಮ್ಮ ಗಾಬರಿ ನನಗೂ ಇದೆ. ಕಪ್ಪತಗುಡ್ಡ ನಮಗೆ ಸುಲಭವಾಗಿ ದಕ್ಕಿದ್ದಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯಿತು, 2016ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಗುಡ್ಡ ಗಣಿಗಾರಿಕೆಗೆ ಹೋಗುತ್ತದೆ ಅಂತ ತೋಂಟದ ಸಿದ್ಧಲಿಂಗ ಸ್ವಾಮೀಜಿ, ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ, ಅವರ ಜೊತೆ ಸಾವಿರಾರು ಜನ ಬೀದಿಗೆ ಬಂದರು. 2017ರಲ್ಲಿ ಮತ್ತೆ ಘೋಷಣೆಯಾಯಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ನಮ್ಮ ಶಾಲೆಯ ಮಕ್ಕಳೂ ಆಗ ಕೈಯಲ್ಲಿ ಫಲಕ ಹಿಡಿದು ನಿಂತಿದ್ದರು. ಗಣಿಯಿಂದ ಉಳಿಸಿಕೊಂಡ ಗುಡ್ಡವನ್ನು ಪ್ಲಾಸ್ಟಿಕ್ ಬಾಟಲಿಗೆ ಕೊಡುವುದಾದರೆ ಈ ಸೈಕಲ್ಲೇ ಬೇಡ.

ಆದ್ದರಿಂದ ಸೈಕಲ್ ಗುಡ್ಡದ ಬುಡದ ಊರುಗಳ ರಸ್ತೆಯಲ್ಲಿ ಮಾತ್ರ ಓಡಲಿ. ಚಿರತೆ, ಕತ್ತೆಕಿರುಬ, ತೋಳ ಇರುವ ಕಾಡಿನೊಳಗೆ ಹೋಗುವುದು ನೀವು ಹೇಳಿದ ದಾರಿಯಲ್ಲಿ, ನೀವು ಹೇಳಿದ ಹೊತ್ತಿನಲ್ಲಿ, ನಿಮ್ಮ ಅನುಮತಿ ಇದ್ದರಷ್ಟೇ ಆಗಲಿ. ಗಾಳಿಗುಂಡಿ ಬಸವಣ್ಣನಿಗೆ, ಕಪ್ಪತ ಮಲ್ಲೇಶ್ವರನಿಗೆ ಹೋಗುವ ಭಕ್ತರಿಗೆ ಮೊದಲಿನಿಂದ ಇರುವ ಪದ್ಧತಿ ಹಾಗೇ ಇರಲಿ. ಹುಲ್ಲು ಒಣಗಿ ಬೆಂಕಿ ಬೀಳುವ ತಿಂಗಳುಗಳಲ್ಲಿ ಗುಡ್ಡದ ಕಡೆಯ ಬಾಡಿಗೆ ಪೂರ್ತಿ ಬಂದ್ ಮಾಡಿ. ಆಗಿನ ಬಿಸಿಲಿಗೆ ಸೈಕಲ್ ಓಡಿಸುವುದೂ ಬುದ್ಧಿಯ ಕೆಲಸ ಅಲ್ಲ. ಡೋಣಿ ತಾಂಡಾದ ಯುವಕರಿಗೆ ದಾರಿ ತೋರಿಸುವ ಕೆಲಸ ಕಲಿಸಿ. ಅವರಿಗಿಂತ ಜಾಸ್ತಿ ಆ ಗುಡ್ಡ ಬಲ್ಲವರು ಯಾರಿದ್ದಾರೆ?

ಚಳಿಗಾಲಕ್ಕೆ ಇನ್ನೊಂದು ದಾರಿ ಇದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮಾನ್ಯತೆ ಸಿಕ್ಕಿತು. ಒಮ್ಮೆ ಬೆಳಗ್ಗೆ ಅಲ್ಲಿ ನಿಂತಿದ್ದಾಗ ಒಂದು ಕಾರು ಬಂದು ಧಡ್ ಅಂತ ಬಾಗಿಲು ಹಾಕಿದ ಸದ್ದಿಗೆ ಹಿಂಡು ಹಿಂಡೇ ಎದ್ದು ಹೋಯಿತು. ಅದೇ ಹೊತ್ತಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಒಬ್ಬರು ಸೈಕಲ್ಲಿನಲ್ಲಿ ಏರಿಯ ಮೇಲೆ ಹೋದರು. ಕೆರೆಯಲ್ಲಿ ಉಳಿದಿದ್ದ ಬಾತುಗಳು ಕತ್ತೂ ಎತ್ತಲಿಲ್ಲ. ಲಕ್ಷ್ಮೇಶ್ವರದಿಂದ ಆ ಕೆರೆ ದೂರವೇನಿಲ್ಲ. ನಾಲ್ಕನೇ ಅಂಗಡಿ ಅಲ್ಲಿ ಇಡಬಹುದು, ಮೊದಲ ಮೂರು ನಿಂತ ಮೇಲೆ.

ಡಂಬಳ, ಡೋಣಿಯ ಜನರೇ, ನಿಮಗೂ ಒಂದು ಮಾತು. ಸೈಕಲ್ಲಿನಲ್ಲಿ ಬಂದ ಹೆಣ್ಣುಮಕ್ಕಳು ದಾರಿ ಕೇಳಿದರೆ ದಾರಿಯಷ್ಟೇ ಹೇಳಿ. ಒಬ್ಬರೇ ಯಾಕೆ ಬಂದಿರಿ, ಮನೆಯವರು ಎಲ್ಲಿ ಅಂತ ಕೇಳಬೇಡಿ. ನೀರು ಕೇಳಿದರೆ ಬೆಲ್ಲ ಕೊಟ್ಟು ನೀರು ಕೊಡುವವರು ನೀವು, ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಿಂದೆ ಬೈಕ್ ಹಚ್ಚಿಕೊಂಡು ಹೋಗುವ ಹುಡುಗರಿಗೆ ಮಾತ್ರ ಊರ ಹಿರಿಯರೇ ನಿಂತು ಬುದ್ಧಿ ಹೇಳಬೇಕು. ಒಬ್ಬಳು ಹೆದರಿ ವಾಪಸ್ ಹೋದರೆ ಅವಳ ಹಿಂದೆ ನೂರು ಜನ ಬರುವುದು ನಿಲ್ಲುತ್ತದೆ.

ನಗರಸಭೆಯವರಿಗೆ ಸಣ್ಣದೊಂದು ಕೋರಿಕೆ. ಗದಗ-ಬೆಟಗೇರಿಯಲ್ಲಿ ಈಗಲೂ ಹಳೆಯ ಸೈಕಲ್ ಮಿಸ್ತ್ರಿಗಳು ಇದ್ದಾರೆ. ರಸ್ತೆ ಬದಿಯಲ್ಲಿ ಒಂದು ಪೆಟ್ಟಿಗೆ, ಒಂದು ಪಂಪು ಇಟ್ಟುಕೊಂಡು ಕೂತಿರುತ್ತಾರೆ. ಅಂಗಡಿ ತೆರೆಯುವಾಗ ಮೊದಲು ಅವರನ್ನು ಕರೆಯಿರಿ. ಗೇರ್ ಸೈಕಲ್ಲಿನ ಕೆಲಸ ಒಂದು ವಾರ ಕಲಿಸಿದರೆ ಸಾಕು, ಉಳಿದದ್ದು ಅವರ ಕೈಗೇ ಗೊತ್ತು.

ದೀಪಾವಳಿ ಮುಗಿಯುತ್ತಿದ್ದಂತೆ ಮಾಗಡಿಗೆ ಹೆಬ್ಬಾತುಗಳು ಬರುತ್ತವೆ, ಗುಡ್ಡವೂ ಆಗಿನ್ನೂ ಹಸಿರಾಗಿರುತ್ತದೆ. ಅಷ್ಟರೊಳಗೆ ಸ್ಟೇಷನ್ ಮುಂದೆ ಹತ್ತೇ ಸೈಕಲ್ಲಿನಿಂದ ಶುರು ಮಾಡಲು ಆಗುತ್ತದಾ, ತಿಳಿಸಿ. ಸಂಘಕ್ಕೆ ಷೇರು ಕಟ್ಟಲು ನಾನೂ, ನನ್ನ ತಂಗಿಯೂ, ನಮ್ಮ ಶಾಲೆಯ ಮೂವರು ಶಿಕ್ಷಕರೂ ತಯಾರಿದ್ದೇವೆ. ರವಿವಾರ ಬೆಳಗ್ಗೆ ಆರರಿಂದ ಹತ್ತರವರೆಗೆ ಸಂಬಳ ಇಲ್ಲದೆ ಅಂಗಡಿಯಲ್ಲಿ ಕೂತು ವಹಿ ಬರೆಯುತ್ತೇನೆ. ಅಪ್ಪನ ವಹಿಯಲ್ಲಿ ಇನ್ನೂ ನಲವತ್ತು ಹಾಳೆ ಖಾಲಿ ಇವೆ.

ಇಂತಿ ನಿಮ್ಮ,
ಬೆಟಗೇರಿಯ ಒಬ್ಬ ಶಿಕ್ಷಕಿ